ಬಾಚಬೇಡಿ ಅಂದ್ರು, ಅವ್ರು ಮುಟ್ಟೋದನ್ನೇ ಬಿಟ್ಟರು: 13 ತಿಂಗಳ ಒಂದು ಪುಲಿ ನಾಯಿಯ ಕೇಸು

ನಾಯಿ ಗಂಡು, ವಯಸ್ಸು 13 ತಿಂಗಳು, ತಳಿ ಹಂಗೇರಿಯ ಪುಲಿ, ಬಣ್ಣ ಕಪ್ಪು, ಮನೇಲಿ ಕರೆಯೋ ಹೆಸರು ಮೋಪು. ದೂರು ಮೂರಿತ್ತು. ಮೈಯೆಲ್ಲಾ ಒಣಗದ ಬಟ್ಟೆ ಮುಗ್ಗಲು ಹಿಡಿದ ವಾಸನೆ, ಹಿಂದಿನ ಕಾಲು ಪೂರ್ತಿ ಚಾಚದೆ ಸಣ್ಣ ಸಣ್ಣ ಹೆಜ್ಜೆ ಇಟ್ಕೊಂಡು ನಡೆಯೋದು, ಮತ್ತೆ ಮನೆಯ ಆರು ವರ್ಷದ ಮಗು ತಬ್ಬಿಕೊಳ್ಳೋಕೆ ಹೋದಾಗ ಗುರ್ ಅಂದು ಕೈಗೆ ಹಲ್ಲು ತಾಗಿಸಿದ್ದು. ರಕ್ತ ಬಂದಿರ್ಲಿಲ್ಲ, ಆದ್ರೆ ಮನೆಯವ್ರು ಹೆದರಿಬಿಟ್ಟಿದ್ರು. ಈ ನಾಯಿಯನ್ನ ಬೇರೆ ಯಾರಿಗಾದ್ರೂ ಕೊಟ್ಟುಬಿಡೋದಾ ಅನ್ನೋವರೆಗೂ ಮಾತು ಹೋಗಿತ್ತು. ನಾನು ಹಲವು ವರ್ಷದಿಂದ ಇದೇ ತಳಿ ಸಾಕ್ತಿರೋದ್ರಿಂದ, ಪರಿಚಯದವರ ಮೂಲಕ ಕೇಸು ನನ್ನ ಹತ್ರ ಬಂತು. ನಾನು ಡಾಕ್ಟರ್ ಅಲ್ಲ, ಕೂದಲಿನ ಕೆಲಸ ನಂದು, ಚರ್ಮದ ಕೆಲಸ ಡಾಕ್ಟರದ್ದು, ಹಾಗೆ ಹಂಚಿಕೊಂಡೇ ಇಡೀ ಕೇಸು ನಡೀತು.

ಮೊದಲು ತಳಿ ಬಗ್ಗೆ ಸ್ವಲ್ಪ ಹೇಳ್ಬೇಕು, ಇಲ್ಲಾಂದ್ರೆ ಮುಂದಿನದು ಅರ್ಥ ಆಗಲ್ಲ. ಪುಲಿ ಅಂದ ತಕ್ಷಣ ಹಳಗನ್ನಡ ಓದಿದವರಿಗೆ ಹುಲಿ ನೆನಪಾಗುತ್ತೆ, ಇದು ಹಂಗೇರಿಯನ್ ಹೆಸರು, ಹುಲಿಗೂ ಇದಕ್ಕೂ ಸಂಬಂಧ ಇಲ್ಲ, ಗತ್ತು ಮಾತ್ರ ಹೆಚ್ಚು ಕಮ್ಮಿ ಅದೇ. ಹಂಗೇರಿಯ ಬಯಲು ಸೀಮೆಯ ಕುರಿಗಾಹಿಗಳ ನಾಯಿ ಇದು. ಅಲ್ಲಿ ಎರಡು ಜಡೆ ನಾಯಿ ಇವೆ, ಅಂದ್ರೆ ಮೈಕೂದಲು ಹಗ್ಗ ಹಗ್ಗವಾಗಿ ಇಳಿಬಿದ್ದಿರೋ ನಾಯಿ. ದೊಡ್ಡದು, ಬಿಳೀದು, ಕೊಮೊಂಡೋರ್, ಅದು ಮಂದೆಗೆ ಕಾವಲು ಕೂರೋದು. ಚಿಕ್ಕದು ಪುಲಿ, ಅದು ಓಡಾಡಿ ಕುರಿ ತಿರುಗಿಸೋದು, ಏನಾದ್ರೂ ಅಲುಗಾಡಿದ್ರೆ ಬೊಗಳಿ ಊರಿಗೆಲ್ಲಾ ಹೇಳೋದು. ಇವೆರಡನ್ನೂ ಒಂದೇ ಅಂದ್ಕೊಂಡು ಸಾಕಿದ್ರೆ ತೊಂದರೆ, ಒಂದು ಕೂತು ಕಾಯುತ್ತೆ, ಇನ್ನೊಂದಕ್ಕೆ ಕೂರೋದೇ ಆಗಲ್ಲ. 1912ರಲ್ಲಿ ಎಮಿಲ್ ರೈಟ್ಸಿಟ್ಸ್ ಅನ್ನೋ ಪಶುವೈದ್ಯ ವಿದ್ವಾಂಸರು ಬುಡಾಪೆಸ್ಟ್‌ನಲ್ಲಿ ಈ ತಳಿಯನ್ನ ಮತ್ತೆ ಕಟ್ಟೋ ಕೆಲಸ ಶುರು ಮಾಡಿದ್ರು, ಅಮೆರಿಕನ್ ಕೆನಲ್ ಕ್ಲಬ್ 1936ರಲ್ಲಿ ಇದನ್ನ ತನ್ನ ಪಟ್ಟಿಗೆ ಸೇರಿಸ್ತು. ಈಗಿನ ಕಾಲದಲ್ಲಿ ಬಹಳ ಜನ ಇದನ್ನ ನೋಡಿರೋದು ಮಾರ್ಕ್ ಜುಕರ್‌ಬರ್ಗ್ ಮನೆಯ ಬೀಸ್ಟ್ ಅನ್ನೋ ಬಿಳಿ ಪುಲಿಯ ಫೋಟೋದಲ್ಲಿ. ಮೋಪುವಿನ ಮನೆಯವ್ರು ಆಸೆಪಟ್ಟಿದ್ದೂ ಅಂಥದೇ ಒಂದು ಫೋಟೋ ನೋಡಿ. ಫೋಟೋದಲ್ಲಿ ಜಡೆ ಕಾಣುತ್ತೆ, ಆ ಜಡೆ ಹಿಂದೆ ಎಷ್ಟು ಗಂಟೆ ಬೆರಳು ಓಡಿದೆ ಅನ್ನೋದು ಕಾಣಲ್ಲ.

ಈ ಜಡೆ ಹೇಗಾಗುತ್ತೆ ಅಂದ್ರೆ, ಪುಲಿಗೆ ಎರಡು ಪದರ ಕೂದಲು. ಒಳಗಡೆ ಮೆತ್ತಗೆ ಉಣ್ಣೆ ತರದ್ದು, ಹೊರಗಡೆ ಒರಟಾದ ಅಲೆ ಅಲೆ ಕೂದಲು. ಬೇರೆ ನಾಯಿಗಳಲ್ಲಿ ಸತ್ತ ಒಳಗೂದಲು ಉದುರಿ ಸೋಫಾ ಮೇಲೆ ಬೀಳುತ್ತೆ, ಇದರಲ್ಲಿ ಉದುರಿದ್ದು ಹೊರಗೂದಲಿಗೆ ಸಿಕ್ಕಿಕೊಂಡು ಅಲ್ಲೇ ಉಳಿಯುತ್ತೆ, ಸುತ್ತಿಕೊಳ್ಳುತ್ತೆ, ನಿಧಾನವಾಗಿ ಹಗ್ಗ ಆಗುತ್ತೆ. ಅದಕ್ಕೇ ಇದು ಕೂದಲು ಉದುರಿಸಲ್ಲ ಅಂತ ಹೆಸರು ಬಂದಿರೋದು. (ಕೂದಲು ಉದುರಲ್ಲ ಅಂದ್ರೆ ಅಲರ್ಜಿ ಆಗಲ್ಲ ಅಂತ ಅರ್ಥ ಅಲ್ಲ, ಎಂಜಲು ಮತ್ತು ಚರ್ಮದ ಹೊಟ್ಟು ಎಲ್ಲಿ ಹೋಗುತ್ತೆ ಸ್ವಾಮಿ.) ಮರಿ ಹುಟ್ಟುವಾಗ ಜಡೆ ಇರಲ್ಲ, ಹತ್ತಿ ಉಂಡೆ ತರ ಇರುತ್ತೆ. ಸುಮಾರು ಎಂಟು ಒಂಬತ್ತು ತಿಂಗಳಾದ ಮೇಲೆ ಮರಿಗೂದಲು ಹೋಗಿ ದೊಡ್ಡ ಕೂದಲು ಬರೋ ಹೊತ್ತಲ್ಲಿ ಸಿಕ್ಕು ಶುರು ಆಗುತ್ತೆ, ಆ ಮುಂದಿನ ಆರೆಂಟು ತಿಂಗಳು ಇದೆಯಲ್ಲ, ಇಡೀ ಜೀವನದಲ್ಲಿ ಕೂದಲಿಗೆ ಅತಿ ಹೆಚ್ಚು ಕೆಲಸ ಬೇಕಾಗೋದು ಆಗಲೇ. ಮೋಪು ಸರಿಯಾಗಿ ಅದರ ನಡುಮಧ್ಯದಲ್ಲಿದ್ದ.

ಮರಿ ಕೊಟ್ಟವ್ರು ಒಂದು ಮಾತು ಹೇಳಿದ್ರಂತೆ, ‘ಬಾಚಬೇಡಿ, ಜಡೆ ತಾನಾಗೇ ಕಟ್ಟುತ್ತೆ’. ಮಾತು ಸುಳ್ಳಲ್ಲ, ಅರ್ಧ ಅಷ್ಟೆ. ಸಿಕ್ಕು ತಾನಾಗೇ ಆಗುತ್ತೆ, ಜಡೆ ತಾನಾಗೇ ಆಗಲ್ಲ. ಬಿಟ್ಟರೆ ಅಕ್ಕಪಕ್ಕದ ಕೂದಲೆಲ್ಲಾ ಬುಡದಲ್ಲಿ ಒಂದಕ್ಕೊಂದು ಅಂಟಿಕೊಂಡು ಕಂಬಳಿ ತರ ಒಂದೇ ಹಾಳೆ ಆಗುತ್ತೆ. ಆ ಹಾಳೆಯನ್ನ ಚರ್ಮದವರೆಗೂ ಬೆರಳಲ್ಲಿ ಸೀಳಿ ಸೀಳಿ ಬೇರೆ ಬೇರೆ ಎಳೆ ಮಾಡ್ಬೇಕು, ಅದಕ್ಕೇ ಜಡೆ ಅನ್ನೋದು. ಈ ಮನೆಯವ್ರು ಬಾಚಬೇಡಿ ಅಂದಿದ್ದನ್ನ ಮುಟ್ಟಬೇಡಿ ಅಂತ ತಿಳ್ಕೊಂಡು ಐದು ತಿಂಗಳು ಮುಟ್ಟೇ ಇಲ್ಲ. ಮೇಲಿಂದ ನೋಡಿದ್ರೆ ತುದಿಗಳೆಲ್ಲ ಗೊಂಚಲು ಗೊಂಚಲಾಗಿ ಚೆನ್ನಾಗೇ ಕಾಣ್ತಿತ್ತು, ಅದೇ ಮೋಸ. ತುದಿ ನೋಡಿ ಜಡೆ ಆಗ್ತಿದೆ ಅಂತ ಖುಷಿಪಡ್ತಿದ್ರು.

ಇದರ ಮೇಲೆ ಸ್ನಾನ. ವಾಸನೆ ಬರ್ತಿದೆ ಅಂತ ವಾರಕ್ಕೊಮ್ಮೆ ಸ್ನಾನ ಮಾಡಿಸ್ತಿದ್ರು, ಟವೆಲ್‌ನಲ್ಲಿ ಗಸಗಸ ಅಂತ ಉಜ್ತಿದ್ರು, ಮೇಲೆ ಒಣಗಿದಂಗೆ ಕಂಡ್ರೆ ಬಿಟ್ಟುಬಿಡ್ತಿದ್ರು. ನೀರು ಮತ್ತು ಉಜ್ಜು, ಉಣ್ಣೆಯನ್ನ ಗಟ್ಟಿ ಮಾಡೋಕೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ, ಕಂಬಳಿ ಗಟ್ಟಿ ಮಾಡೋರನ್ನ ಕೇಳಿ. ಪ್ರತಿ ಸ್ನಾನದಲ್ಲೂ ಹಾಳೆ ಇನ್ನಷ್ಟು ಬಿಗಿ ಆಯ್ತು, ಒಳಗೆ ನೀರು ನಿಂತ್ಕೊಳ್ತು, ನಿಂತ ನೀರು ವಾಸನೆ ಆಯ್ತು, ವಾಸನೆಗೆ ಮತ್ತೆ ಸ್ನಾನ. ಈ ಚಕ್ರ ಎರಡೂವರೆ ತಿಂಗಳು ತಿರುಗಿದೆ.

ಮೊದಲ ದಿನ ನಾನು ಮುಟ್ಟಿ ನೋಡಿದ್ದು ಹೀಗಿತ್ತು. ಬೆನ್ನ ಮೇಲೆ ಹಾಳೆ ಇದೆ ಆದ್ರೆ ಕೆಳಗೆ ಬೆರಳು ಹೋಗುತ್ತೆ, ಚರ್ಮ ಆರೋಗ್ಯವಾಗಿದೆ. ಕುತ್ತಿಗೆ ಸುತ್ತ ಅಗಲ ಪಟ್ಟಿಯ ಕಾಲರ್ ಇಡೀ ದಿನ ಹಾಕಿಟ್ಟಿದ್ರಿಂದ ಅಲ್ಲಿ ಕೂದಲು ಅರ್ಧ ಮುರಿದು ಇನ್ನರ್ಧ ಗಂಟಾಗಿದೆ, ಗಂಟಿನ ಕೆಳಗೆ ಎರಡು ಉಣ್ಣಿ. ಉಣ್ಣೆ ಒಳಗೆ ಉಣ್ಣಿ, ಕನ್ನಡದಲ್ಲಿ ಕೇಳೋಕೆ ತಮಾಷೆ, ನಾಯಿಗಲ್ಲ. ಔಷಧಿ ತಿಂಗಳು ತಿಂಗಳು ಹಾಕ್ತಿದ್ರು, ಆದ್ರೆ ಕೂದಲು ಬಿಡಿಸದೆ ಮೇಲೆ ಸುರೀತಿದ್ರು, ಅದು ಜಡೆ ಕುಡೀತು, ಚರ್ಮಕ್ಕೆ ತಲುಪೇ ಇಲ್ಲ. ಎರಡೂ ಕಂಕುಳಲ್ಲಿ ಹಾಳೆ ಚರ್ಮಕ್ಕೆ ಅಂಟಿ ಎಳೀತಿದೆ, ಬಲಗಂಕುಳಲ್ಲಿ ಕೈ ಇಟ್ಟ ತಕ್ಷಣ ಮೋಪು ತಿರುಗಿ ನನ್ನ ಮಣಿಕಟ್ಟು ಹಿಡಿದ, ಕಚ್ಚಲಿಲ್ಲ, ಹಿಡಿದುಕೊಂಡು ‘ಸಾಕು’ ಅಂದಂಗೆ ನಿಂತ. ತೊಡೆಸಂದಿಯಲ್ಲಿ ಎಡತೊಡೆಯ ಕೂದಲು ಬಲತೊಡೆಯ ಕೂದಲಿಗೆ ಸೇರಿ ಒಂದು ಸೇತುವೆ ಕಟ್ಟಿಕೊಂಡಿತ್ತು. ಕಾಲು ಚಾಚೋಕೆ ಹೋದ್ರೆ ಚರ್ಮ ಜಗ್ಗುತ್ತೆ. ಕುಂಟು ಅಂತ ಅವ್ರು ಹೇಳಿದ್ದು ಇದೇ ಇರಬೇಕು ಅಂತ ಅನ್ನಿಸ್ತು, ಆದ್ರೂ ಪುಲಿಗಳಲ್ಲಿ ಸೊಂಟದ ಕೀಲು ಸಡಿಲ ಆಗೋ ತೊಂದರೆ ಇರೋದುಂಟು, ಮಂಡಿಚಿಪ್ಪು ಜಾರೋದೂ ಉಂಟು, ಹಾಗಾಗಿ ಊಹೆ ಮೇಲೆ ಬಿಡೋಕಾಗಲ್ಲ ಅಂತ ಡಾಕ್ಟರ್ ಹತ್ರ ಕಳಿಸಿದೆ.

ಡಾಕ್ಟರ್ ಸೊಂಟದ ಎಕ್ಸ್‌ರೇ ತೆಗೆದ್ರು, ಕೀಲು ಸರಿ ಇತ್ತು, ಮಂಡಿನೂ ಸರಿ. ಬಲಗಂಕುಳಲ್ಲಿ ಕೆಂಪಗೆ ಒದ್ದೆಯಾಗಿ ರಸ ಸೋರೋ ಹುಣ್ಣು, ಹಾಟ್ ಸ್ಪಾಟ್ ಅಂತಾರಲ್ಲ ಅದು. ಟೇಪ್ ಅಂಟಿಸಿ ತೆಗೆದು ಮೈಕ್ರೋಸ್ಕೋಪಲ್ಲಿ ನೋಡಿದಾಗ ಯೀಸ್ಟ್ ಅನ್ನೋ ಶಿಲೀಂಧ್ರ ಕಾಣಿಸ್ತು, ವಾಸನೆಯ ಒಂದು ಪಾಲು ಅದರದ್ದು. ಇನ್ನೊಂದು ವಿಷಯ ಯಾರೂ ಎಣಿಸಿರ್ಲಿಲ್ಲ. ತೂಕ 11.4 ಕೆಜಿ. ಗಂಡು ಪುಲಿಗೆ ಎಫ್‌ಸಿಐ (ನಾಯಿ ತಳಿಗಳ ಅಂತರರಾಷ್ಟ್ರೀಯ ಸಂಸ್ಥೆ) ಸ್ಟ್ಯಾಂಡರ್ಡ್ ಪ್ರಕಾರ 13ರಿಂದ 15 ಕೆಜಿ, ಎತ್ತರ 39ರಿಂದ 45 ಸೆಂಟಿಮೀಟರ್. ಮನೆಯವ್ರು ಇವನು ದಪ್ಪ ಆಗ್ತಿದಾನೆ ಅಂತ ಊಟ ಕಮ್ಮಿ ಮಾಡಿದ್ರು! ದಪ್ಪ ಆಗಿದ್ದು ಕೂದಲು, ಕೆಳಗೆ ಕೈ ಹಾಕಿದ್ರೆ ಪಕ್ಕೆಲುಬು ಒಂದೊಂದೂ ಎಣಿಸ್ಬೋದಿತ್ತು. ಈ ತಳಿಯಲ್ಲಿ ಕಣ್ಣಿಂದ ಮೈಕಟ್ಟು ನೋಡೋಕೆ ಆಗೋದೇ ಇಲ್ಲ, ತಿಂಗಳಿಗೊಮ್ಮೆ ತಕ್ಕಡಿ ಮೇಲೆ ನಿಲ್ಲಿಸ್ಬೇಕು, ಪಕ್ಕೆ ಸವರಿ ನೋಡ್ಬೇಕು, ಬೇರೆ ದಾರಿ ಇಲ್ಲ.

ಈಗ ನಿರ್ಧಾರ. ಡಾಕ್ಟರ್ ಮೊದಲು ಹೇಳಿದ್ದು ಪೂರ್ತಿ ಬೋಳಿಸಿಬಿಡಿ ಅಂತ. ಅದು ತಪ್ಪು ಸಲಹೆ ಅಲ್ಲವೇ ಅಲ್ಲ. ಜಡೆ ನಾಯಿ ಸಾಕೋರಲ್ಲಿ ಕೆಲವರಿಗೆ ಬೋಳಿಸೋದು ಅಂದ್ರೆ ಮಹಾಪಾಪ ಅನ್ನೋ ಭಾವನೆ ಇದೆ, ನನಗದು ಒಪ್ಪಿಗೆ ಇಲ್ಲ, ಹಂಗೇರಿಯಲ್ಲೇ ದುಡಿಯೋ ಪುಲಿಗಳನ್ನ ಕುರಿ ತುಪ್ಪಟ ಕತ್ತರಿಸೋ ಹೊತ್ತಲ್ಲಿ ಜೊತೆಗೇ ಕತ್ತರಿಸೋ ರೂಢಿ ಇತ್ತು. ಕೂದಲು ಮತ್ತೆ ಬರುತ್ತೆ, ಆದ್ರೆ ನೆಲ ಮುಟ್ಟೋ ಜಡೆಗೆ ಮತ್ತೆ ನಾಲ್ಕೈದು ವರ್ಷ ಕಾಯ್ಬೇಕು, ಅಷ್ಟೆ. ಚರ್ಮ ಹತ್ತಾರು ಕಡೆ ಕೆಟ್ಟಿದ್ರೆ ನಾನೇ ಮೆಷಿನ್ ಹಿಡೀತಿದ್ದೆ. ಇಲ್ಲಿ ಬೆನ್ನು, ಪಕ್ಕೆ, ಬಾಲ ಎಲ್ಲಾ ಕಡೆ ಹಾಳೆಗೂ ಚರ್ಮಕ್ಕೂ ನಡುವೆ ಬೆರಳು ಓಡ್ತಿತ್ತು, ಹಾಳೆ ಹಿಡಿದು ಅಲುಗಾಡಿಸಿದ್ರೆ ಚರ್ಮ ಜೊತೆಗೆ ಬರ್ತಿರ್ಲಿಲ್ಲ. ಹಾಗಾಗಿ ಡಾಕ್ಟರ್ ಜೊತೆ ಮಾತಾಡಿ ಒಂದು ನಡುದಾರಿ ಮಾಡಿದ್ವಿ: ನೋವಿರೋ ಕಡೆ ಅಂದ್ರೆ ಎರಡೂ ಕಂಕುಳು, ತೊಡೆಸಂದಿ, ಹೊಟ್ಟೆಯ ಕೆಳಭಾಗ, ಕುತ್ತಿಗೆಯ ಗಂಟು, ಇಷ್ಟನ್ನ ಅವತ್ತೇ ಬೋಳಿಸೋದು. ಉಳಿದದ್ದನ್ನ ಹುಣ್ಣು ಒಣಗಿದ ಮೇಲೆ ಕೈಯಲ್ಲಿ ಬಿಡಿಸೋದು.

ತೊಡೆಸಂದಿಯ ಸೇತುವೆ ಕತ್ತರಿಸಿದ ಅರ್ಧ ಗಂಟೆಗೆ ನಾಯಿ ಪೂರ್ತಿ ಹೆಜ್ಜೆ ಹಾಕಿ ನಡೀತು. ಆ ಮನೆಯ ಯಜಮಾನರು ಬಾಗಿಲ ಹತ್ರ ನಿಂತು ನೋಡ್ತಾ ಏನೂ ಮಾತಾಡಲಿಲ್ಲ, ಆಮೇಲೆ ‘ಇಷ್ಟೇನಾ’ ಅಂದ್ರು. ಇಷ್ಟೇ.

ಹುಣ್ಣಿಗೆ ಡಾಕ್ಟರ್ ಕೊಟ್ಟ ಕ್ಲೋರ್‌ಹೆಕ್ಸಿಡಿನ್ ಅನ್ನೋ ಕ್ರಿಮಿನಾಶಕ ದ್ರಾವಣದಲ್ಲಿ ಒರೆಸೋದು, ತುರಿಕೆಗೆ ಕೆಲವು ದಿನ ಮಾತ್ರೆ, ನೆಕ್ಕದಂಗೆ ಕತ್ತಿಗೆ ಕೋನು. ಒಂಬತ್ತನೇ ದಿನಕ್ಕೆ ಒಣಗಿತ್ತು. ಅಲ್ಲಿವರೆಗೂ ಸ್ನಾನ ಬಂದ್.

ಆಮೇಲೆ ನನ್ನ ಕೆಲಸ. ಒಟ್ಟು 11 ದಿನ, ದಿನಕ್ಕೆ ಸುಮಾರು ಒಂದೂವರೆ ಗಂಟೆ, ಮಧ್ಯೆ ಅವನಿಗೆ ಬೇಜಾರಾದ್ರೆ ಎದ್ದು ಹೋಗೋ ಸ್ವಾತಂತ್ರ್ಯ. ಜಡೆ ಬಿಡಿಸೋದು ಯಾವಾಗಲೂ ಒಣಗಿದ ಕೂದಲಲ್ಲಿ, ನೀರು ತಾಗಿದ್ರೆ ಇನ್ನೂ ಬಿಗಿ. ಹಾಳೆಯ ಅಂಚು ಎತ್ತಿ ಚರ್ಮ ಕಾಣೋ ಕಡೆಯಿಂದ ಶುರು ಮಾಡ್ಬೇಕು, ತುದಿಯಿಂದ ಅಲ್ಲ. ಹೆಬ್ಬೆರಳಿನ ಉಗುರಿನಷ್ಟು ಚರ್ಮದಿಂದ ಎದ್ದ ಕೂದಲು ಒಂದು ಜಡೆ ಅಂತ ನನ್ನ ಲೆಕ್ಕ, ಅದಕ್ಕಿಂತ ತೆಳು ಮಾಡಿದ್ರೆ ಮುಂದೆ ತನ್ನದೇ ಭಾರಕ್ಕೆ ಕಿತ್ತು ಬರುತ್ತೆ, ದಪ್ಪ ಬಿಟ್ರೆ ಒಳಗೆ ಒಣಗಲ್ಲ. ಎರಡು ಪಾಲನ್ನ ಎರಡು ಕೈಲಿ ಬುಡದ ಹತ್ರ ಹಿಡಿದು, ಚರ್ಮ ಜಗ್ಗದಂಗೆ ಮಣಿಕಟ್ಟನ್ನ ನಾಯಿ ಮೈಗೆ ಊರಿ, ನಿಧಾನ ಸೀಳ್ತಾ ತುದಿಗೆ ಬರೋದು. ಚರ್‍ರ್ ಅಂತ ಹಳೇ ಬಟ್ಟೆ ಹರಿಯೋ ಸದ್ದು ಬರುತ್ತೆ, ಮೊದಲ ಸಲ ಕೇಳಿದೋರು ನಾಯಿಗೆ ನೋವಾಯ್ತೇನೋ ಅಂತ ಕೈ ಬಿಡ್ತಾರೆ. ಮನೆಯ ಅಮ್ಮನೂ ಬಿಟ್ಟಿದ್ರು, ಮೋಪು ಗೊರಕೆ ಹೊಡೀತಿರೋದು ನೋಡಿ ಮತ್ತೆ ಹಿಡಿದ್ರು. ಬೆರಳಿಗೆ ಬಗ್ಗದ ಕಡೆ ಹೊಲಿಗೆ ಬಿಚ್ಚೋ ಕೊಕ್ಕೆಯನ್ನ ಚರ್ಮದಿಂದ ಹೊರಮುಖವಾಗಿ ಹಿಡಿದು ಒಂದು ಗೀರು ಎಳೆದು, ಉಳಿದದ್ದನ್ನ ಕೈಲಿ. ಕತ್ತರಿಯ ಮೂತಿ ಚರ್ಮದ ಕಡೆ ತಿರುಗಿಸೋ ಧೈರ್ಯ ನಾನು ಇವತ್ತಿಗೂ ಮಾಡಲ್ಲ, ನಾಯಿಯ ಚರ್ಮ ಹಾಳೆ ಜೊತೆ ಮಡಚಿ ಮೇಲೆ ಬಂದಿರುತ್ತೆ, ಕಾಣಲ್ಲ.

ಮೊದಲ ನಾಲ್ಕು ದಿನ ನಾನೇ ಮಾಡಿದೆ. ಐದನೇ ದಿನದಿಂದ ಅವ್ರ ಕೈಲೇ ಮಾಡಿಸಿದೆ, ನಾನು ಪಕ್ಕದಲ್ಲಿ ಕೂತೆ. ಕಾರಣ ಸರಳ, ಬಿಡಿಸಿದ ಜಡೆ ಮೂರು ವಾರ ಬಿಟ್ರೆ ಬುಡದಲ್ಲಿ ಮತ್ತೆ ಅಕ್ಕಪಕ್ಕದ್ದಕ್ಕೆ ಅಂಟಿಕೊಳ್ಳುತ್ತೆ, ಆಗ ನಾನು ಇರಲ್ಲ.

12ನೇ ದಿನ ಸ್ನಾನ. ಶಾಂಪೂನ ಹತ್ತು ಪಾಲು ನೀರಲ್ಲಿ ಕಲಸಿ, ಸ್ಪಂಜಿನಲ್ಲಿ ಜಡೆ ಜಡೆಗೆ ಒತ್ತಿ ಒಳಗಿಳಿಸಿ ಹಿಂಡೋದು, ಉಜ್ಜೋದಿಲ್ಲ. ತೊಳೆಯೋಕೆ ಹಚ್ಚೋದರ ಮೂರರಷ್ಟು ಹೊತ್ತು, ಯಾಕಂದ್ರೆ ಉಳಿದ ಶಾಂಪೂನೇ ಆಮೇಲೆ ತುರಿಕೆ ಮತ್ತು ಹೊಟ್ಟು. ಕಂಡೀಷನರ್ ನಾನು ಹಾಕಲ್ಲ, ನಮಗೆ ಬೇಕಿರೋದು ಜಾರೋ ಕೂದಲಲ್ಲ. ಟವೆಲ್‌ನಲ್ಲಿ ಸುತ್ತಿ ಒತ್ತಿ ಒತ್ತಿ ನೀರು ಹೀರಿಸಿ, ಏಳು ಟವೆಲ್ ಖರ್ಚಾಯ್ತು, ಆಮೇಲೆ ತಣ್ಣನೆ ಗಾಳಿಯ ಬ್ಲೋವರ್, ಆಮೇಲೆ ಎರಡು ಫ್ಯಾನ್ ನಡುವೆ ಜಾಲರಿ ಮಂಚದ ಮೇಲೆ ಮಲಗಿಸಿದ್ದು. ಮೋಪುವಿನ ಕೂದಲು ಇನ್ನೂ ಗಿಡ್ಡ, ಆದ್ರೂ ಬುಡ ಒಣಗೋಕೆ 14 ಗಂಟೆ ಹಿಡೀತು. ಉದ್ದ ಜಡೆಯ ದೊಡ್ಡ ನಾಯಿ ಆದ್ರೆ ಒಂದರಿಂದ ಎರಡು ದಿನ. ಒಣಗಿದೆಯಾ ಅಂತ ನೋಡೋಕೆ ಕಣ್ಣು ಪ್ರಯೋಜನ ಇಲ್ಲ, ದಪ್ಪ ಜಡೆಯೊಂದನ್ನ ಬುಡದಲ್ಲಿ ಹಿಂಡಿ ತುಟಿಗೆ ತಾಗಿಸಿ ನೋಡ್ಬೇಕು, ತಣ್ಣಗಿದ್ರೆ ಇನ್ನೂ ಒದ್ದೆ. ಅಸಹ್ಯ ಅನ್ಸಿದ್ರೆ ಕೆನ್ನೆಗೆ ತಾಗಿಸಿ.

ವಾಸನೆ ಅವತ್ತಿಗೆ ಹೋಯ್ತು. ವಾರದ ಸ್ನಾನ ನಿಲ್ಲಿಸಿ ಈಗ ಎರಡು ಮೂರು ತಿಂಗಳಿಗೊಮ್ಮೆ. ಮೂತ್ರ ತಾಗೋ ಹೊಟ್ಟೆ ಭಾಗ, ಗಡ್ಡ, ಹಿಂಭಾಗ ಇವನ್ನ ಮಾತ್ರ ಬೇಕಾದಾಗ ಬಟ್ಟೆ ಒದ್ದೆ ಮಾಡಿ ಒರೆಸಿ ಒಣಗಿಸೋದು.

ಇನ್ನು ಮಗುವಿನ ವಿಷಯ. ಕೂದಲಿಗಿಂತ ಇದೇ ನನಗೆ ಹೆಚ್ಚು ಹೊತ್ತು ತಗೊಂಡಿದ್ದು. ಕೆದಕಿ ಕೇಳಿದಾಗ ಗೊತ್ತಾಯ್ತು ಎರಡು ಬೇರೆ ಬೇರೆ ಘಟನೆಯನ್ನ ಮನೆಯವ್ರು ಒಂದೇ ‘ಕಚ್ಚೋ ಚಟ’ ಅಂತ ಸೇರಿಸಿಬಿಟ್ಟಿದ್ರು. ಮೋಪುವಿಗೆ ಎಂಟು ತಿಂಗಳಿದ್ದಾಗ, ಮಕ್ಕಳು ಓಡ್ತಿದ್ರೆ ಹಿಂದಿಂದ ಹಿಮ್ಮಡಿಗೆ ಹಲ್ಲು ಚುಚ್ಚಿದ್ದು ಒಂದು, ಈಗ ತಬ್ಬಿದಾಗ ಗುರ್ ಅಂದಿದ್ದು ಇನ್ನೊಂದು. ಮೊದಲನೇದು ಅವನ ರಕ್ತದಲ್ಲಿರೋ ಕೆಲಸ. ಓಡೋದನ್ನ ಸುತ್ತಿಹಾಕಿ ಒಂದು ಮೂಲೆಗೆ ಸೇರಿಸೋದು, ಬರದೆ ಇದ್ರೆ ಬೊಗಳೋದು, ಅದಕ್ಕೂ ಬಗ್ಗದೆ ಇದ್ರೆ ಹಿಮ್ಮಡಿ. ಕೋಪ ಇಲ್ಲ ಅದರಲ್ಲಿ, ಆದ್ರೆ ಬಿಡಬೋದು ಅಂತಾನೂ ಅಲ್ಲ. ಎರಡನೇದು ಶುದ್ಧ ನೋವು: ಮಗು ತಬ್ಬೋದು ಹೇಗೆ, ಎರಡೂ ಕೈ ಮುಂಗಾಲಿನ ಹಿಂದೆ ತೂರಿಸಿ ಎತ್ತೋದು, ಅಂದ್ರೆ ಸರಿಯಾಗಿ ಆ ಹುಣ್ಣಿನ ಮೇಲೆ. ಜೊತೆಗೆ ಕಣ್ಣ ಮೇಲೆ ಕೂದಲು ಪರದೆ, ಪಕ್ಕದಿಂದ ಬಂದಿದ್ದು ಕಾಣಿಸಲ್ಲ, ಗಾಬರಿ.

ಕಣ್ಣಿನ ಕೂದಲು ಕಟ್ ಮಾಡಿದ್ರೆ ನಾಯಿ ಕುರುಡಾಗುತ್ತೆ ಅಂತ ಯಾರೋ ಇವ್ರಿಗೆ ಹೇಳಿದ್ರು. ಆಗಲ್ಲ. ಪುಲಿಗಳಲ್ಲಿ ಕಣ್ಣಿನ ರೆಟಿನಾ ಕ್ರಮೇಣ ಸವೆಯೋ ಒಂದು ವಂಶವಾಹಿ ಕಾಯಿಲೆ ಇದೆ, ಅದಕ್ಕೂ ಕತ್ತರಿಗೂ ಸಂಬಂಧ ಇಲ್ಲ. ಮನೇಲಿರೋ ಹೊತ್ತು ಹಣೆ ಕೂದಲನ್ನ ಮೇಲೆ ಎತ್ತಿ ಮೆತ್ತನೆ ಬ್ಯಾಂಡಲ್ಲಿ ಕಟ್ಟೋಕೆ ಹೇಳಿದೆ. ಮಗುವಿಗೆ ಎರಡೇ ನಿಯಮ, ಮುಂದಿಂದ ಬಂದು ಹೆಸರು ಕರೆದು ಮುಟ್ಟೋದು, ಮಲಗಿದ್ದಾಗ ಮುಟ್ಟದೇ ಇರೋದು. ದೊಡ್ಡವರಿಗೆ ನಿಯಮ ಜಾಸ್ತಿ. ಹುಣ್ಣು ವಾಸಿ ಆಗೋವರೆಗೂ ಇಬ್ಬರನ್ನೂ ಒಂದೇ ಕೋಣೇಲಿ ಬಿಟ್ಟು ಎದ್ದು ಹೋಗಬಾರ್ದು, ಆಮೇಲೂ ಮಕ್ಕಳು ಓಡಾಟದ ಆಟ ಆಡುವಾಗ ನಾಯಿ ಕೈಗೆ ಸಿಗೋ ದೂರದಲ್ಲಿರ್ಬೇಕು.

ಕೆಲಸಕ್ಕೆ ಬದಲಿ ಕೆಲಸ ಕೊಡದೆ ಬರೀ ಬೇಡ ಬೇಡ ಅಂದ್ರೆ ಪುಲಿ ಕೇಳಲ್ಲ. ಒಂದೇ ಪಾಠ ಹತ್ತು ಸಲ ಹೇಳಿದ್ರೆ ಮೂರನೇ ಸಲಕ್ಕೆ ಎದ್ದು ಹೋಗುತ್ತೆ, ಬುದ್ಧಿ ಇಲ್ಲ ಅಂತಲ್ಲ, ಆಗಲೇ ಗೊತ್ತಾಯ್ತಲ್ಲ ಇನ್ನೇನು ಅಂತ. ಐದು ನಿಮಿಷದ ಪಾಠ ದಿನಕ್ಕೆ ನಾಲ್ಕು ಸಲ, ಬೇರೆ ಬೇರೆ. ಮೂರು ದೊಡ್ಡ ಚೆಂಡು ಕೊಟ್ಟು ಅವನ್ನ ಮೂತಿಯಲ್ಲಿ ತಳ್ಳಿ ಒಂದು ಮೂಲೆಗೆ ಸೇರಿಸೋದನ್ನ ಕಲಿಸಿದ್ವಿ, ಎರಡನೇ ವಾರಕ್ಕೆ ಮಕ್ಕಳ ಹಿಮ್ಮಡಿ ಮೇಲಿನ ಆಸಕ್ತಿ ಬಹಳ ಇಳೀತು. ಬೊಗಳೋದು ಇಳೀಲಿಲ್ಲ. ಅದು ಇಳಿಯುತ್ತೆ ಅಂತ ನಾನು ಮಾತು ಕೊಟ್ಟಿರ್ಲೂ ಇಲ್ಲ, ಗೊತ್ತಿಲ್ಲದೋರು ಬಾಗಿಲಿಗೆ ಬಂದ್ರೆ ಹೇಳೋದು ಈ ನಾಯಿಯ ಜಾತಿಕಸುಬು, ಮೂರು ಬೊಗಳಿಗೆ ‘ಸಾಕು’ ಅಂತ ನಿಲ್ಲಿಸೋದು ಕಲಿಸ್ಬೋದು ಅಷ್ಟೆ.

ಮೂರು ತಿಂಗಳಿಗೆ ತೂಕ 12.9 ಕೆಜಿ. ಉಣ್ಣಿ ಔಷಧಿಯನ್ನ ಈಗ ಜಡೆ ಸಾಲು ಬಿಡಿಸಿ ಚರ್ಮಕ್ಕೆ ಹಾಕ್ತಾರೆ, ಅಗಲ ಕಾಲರ್ ತೆಗೆದು ದುಂಡನೆ ಹಗ್ಗದ ತರದ್ದು ತಂದಿದ್ದಾರೆ, ಅದೂ ಹೊರಗೆ ಹೋಗುವಾಗ ಮಾತ್ರ. ಸೆಕೆ ಕಾಲದಲ್ಲಿ ಹೊಟ್ಟೆ ಕೆಳಗೆ ಬೋಳಾಗೇ ಇಡ್ತಾರೆ. ಜಡೆ ಬಿಸಿಲು ತಡೆಯುತ್ತೆ ಅನ್ನೋ ಮಾತು ನಂಬಿ ಕಪ್ಪು ನಾಯಿಯನ್ನ ಮಧ್ಯಾಹ್ನ ಓಡಿಸೋ ಕೆಲಸ ಬೇಡ ಅಂತ ಖಡಾಖಂಡಿತವಾಗಿ ಹೇಳಿದ್ದೆ, ಕೇಳಿದ್ದಾರೆ.

ನಮ್ಮ ಕಡೆಯಿಂದ ಆದ ತಪ್ಪು ಒಂದಿದೆ, ಅದೂ ಬರೀಬೇಕು. ಕಿವಿ ನಾನು ಮೊದಲ ದಿನ ಸರಿಯಾಗಿ ನೋಡಲಿಲ್ಲ. ಪುಲಿ ಕಿವಿ ಜೋಲು, ಒಳಗೂ ಕೂದಲು, ಮೇಲೆ ಜಡೆ ಮುಚ್ಚಿರುತ್ತೆ. ಒಂದೂವರೆ ತಿಂಗಳಾದ ಮೇಲೆ ತಲೆ ಕೊಡವೋದು ಶುರು ಮಾಡ್ದ, ಎಡಗಿವಿಯಲ್ಲಿ ಅದೇ ಯೀಸ್ಟ್. ಚರ್ಮದಲ್ಲಿ ಕಂಡ ದಿನವೇ ಕಿವಿ ತೋರಿಸ್ಬೇಕಿತ್ತು, ಮತ್ತೆ ಡಾಕ್ಟರ್, ಮತ್ತೆ ಎರಡು ವಾರ ಡ್ರಾಪ್ಸ್. ಈಗ ವಾರಕ್ಕೊಮ್ಮೆ ಕಿವಿ ಎತ್ತಿ ಮೂಸಿ ನೋಡೋದು ಅವ್ರ ಮನೆಯ ದೊಡ್ಡ ಮಗಳ ಪಾಲಿಗೆ ಬಂದಿದೆ, ಮೂಗು ಅವಳದ್ದೇ ಚುರುಕಂತೆ.

ಹೋದ ಸಲ ನೋಡಿದಾಗ ಮೋಪುವಿಗೆ 22 ತಿಂಗಳು. ಬೆನ್ನಿನ ಜಡೆ ಬುಡದಲ್ಲಿ ಬೇರೆ ಬೇರೆ ನಿಂತಿವೆ, ಎಡಪಕ್ಕೆಯಲ್ಲಿ ಎರಡು ಜಡೆ ಸೇರಿಕೊಂಡಿದ್ದು ನನ್ನ ಬೆರಳಿಗೆ ಸಿಕ್ತು, ಅಲ್ಲೇ ಸೀಳಿದೆ, ಅವನು ಕಣ್ಣು ಬಿಡಲಿಲ್ಲ. ಬಲಗಂಕುಳಲ್ಲಿ ಕೂದಲು ಬೆರಳುದ್ದ ಬಂದಿದೆ, ಬಂದಂಗೆಲ್ಲಾ ಉಜ್ಜಿ ಗಂಟಾಗ್ತಿದೆ, ಅದೊಂದು ಜಾಗ ಗಿಡ್ಡವಾಗೇ ಕತ್ತರಿಸಿಡೋಣ ಅಂತ ಮಾತಾಯ್ತು. ಮೇಲಿಂದ ಜಡೆ ಇಳಿಬಿದ್ದು ಮುಚ್ಚುತ್ತೆ, ಗೊತ್ತಾಗಲ್ಲ.